ಬಾಗಿನದ ದಿನ ಕೆರೆಗೆ ಬಿದ್ದ ಮೋಟಾರು

ಮುದ್ದೇಕೆರೆ, ಬರಗೂರು ಅಂಚೆ,
ಸಿರಾ ತಾಲ್ಲೂಕು
10 ನವೆಂಬರ್ 2022, ಗುರುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಅಕ್ಕ ಸಾರಿಗೆ ಉಪ್ಪು ಕಡಿಮೆ ಹಾಕಿದರೆ ಮುಖ ಸಿಂಡರಿಸಬೇಡ, ಡಾಕ್ಟರು ಹೇಳಿದ್ದನ್ನೇ ಅವಳು ಮಾಡುತ್ತಿದ್ದಾಳೆ. ರಾಯಚರ್ಲುವಿನಲ್ಲಿ ಈ ಕಾಲದಲ್ಲೂ ಬಿಸಿಲು ಕಣ್ಣಿಗೆ ಹೊಡೆಯುತ್ತದೆಯಂತೆ. ಮಧ್ಯಾಹ್ನದ ಹೊತ್ತು ಆ ಸೋಲಾರ್ ತಟ್ಟೆಗಳ ಸಾಲಿನ ಪಕ್ಕ ತಿರುಗಾಡಲು ಹೋಗಬೇಡ. ನಾಮಕರಣಕ್ಕೆಂದು ಹೋದವನು ಮೊಮ್ಮಗಳ ಮುಖ ನೋಡುತ್ತಾ ಅಲ್ಲೇ ಉಳಿದುಬಿಟ್ಟೆ, ಅದಕ್ಕೆ ನನ್ನ ತಕರಾರಿಲ್ಲ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೊ. ನಿಜ ಹೇಳಬೇಕೆಂದರೆ ನಾನು ಸಿಟ್ಟಿನಿಂದ ಕುದಿಯುತ್ತಿದ್ದೇನೆ, ಅದರಲ್ಲಿ ಅರ್ಧ ನಿನ್ನ ಮೇಲಿನ ಸಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಅಕ್ಕನ ಬಾಯಲ್ಲಿ ಹೇಳಿಸಿದರೆ ಅವಳು ಖಾರವನ್ನೆಲ್ಲ ಸೋಸಿ ತಿಳಿನೀರನ್ನು ನಿನಗೆ ಕೊಡುತ್ತಾಳೆ. ಅದಕ್ಕೇ ಕಾಗದ. ಕೂತು ಪೂರ್ತಿ ಓದು.

ನಿನ್ನೆ ಬೆಳಿಗ್ಗೆ ಡೈರಿಯ ಮುಂದೆ ಕ್ಯಾನು ಇಳಿಸುತ್ತಿದ್ದೆ. ಮೀನು ಸಂಘದ ಅಧ್ಯಕ್ಷ ಮರುಳಸಿದ್ದಯ್ಯನವರು ಬಂದು, ಹಾಲು ಹಾಕಲು ನಿಂತಿದ್ದವರೆಲ್ಲರ ಎದುರಿಗೆ, "ನಿಮ್ಮಪ್ಪ ಒಪ್ಕೊಂಡವ್ರೆ ಕಣಮ್ಮ. ದೋಣಿ, ಪರವಾನಗಿ ಎಲ್ಡೂ ಇನ್ನು ಸಂಘದ್ದು. ನೀನು ನೀರಿಗಿಳಿಯೋದು ಬುಟ್ಬುಡು" ಎಂದರು. ಕೈಯಲ್ಲಿದ್ದ ಕ್ಯಾನನ್ನು ನೆಲಕ್ಕಿಟ್ಟೆ. ನೀನು ಒಪ್ಪಿದೆಯಂತೆ. ನನ್ನನ್ನು ಒಂದು ಮಾತೂ ಕೇಳದೆ. ದೋಣಿ ನಿನ್ನದು, ಪರವಾನಗಿ ನಿನ್ನ ಹೆಸರಿನಲ್ಲಿದೆ, ಮಾರಿಕಣಿವೆ ಜಲಾಶಯದಲ್ಲಿ ಲಾಂಚ್ ಓಡಿಸಿ ಓಡಿಸಿ ಕಿವಿ ಕಳೆದುಕೊಂಡು ಬಂದವನು ಆ ಪುಟ್ಟ ಮೋಟಾರನ್ನು ಹರಾಜಿನಲ್ಲಿ ತಂದದ್ದೂ ನೀನೇ. ಇಲ್ಲವೆನ್ನುವುದಿಲ್ಲ. ಆದರೆ ಕೆರೆ ತುಂಬಿ ಹಟ್ಟಿಯ ದಾರಿ ನೀರೊಳಗೆ ಹೋದಾಗಿನಿಂದ ದಿನಾ ಬೆಳಿಗ್ಗೆ ಆಚೆ ದಡದ ಹಾಲನ್ನು ಈಚೆಗೆ ತರುತ್ತಿರುವವಳು ಯಾರು? ಹಟ್ಟಿಯ ಓಬಳಪ್ಪನ ಹೆಂಡತಿ ನಾಗಕ್ಕ ಮೊದಮೊದಲು ನಾನು ಮುಟ್ಟಿದ ಕ್ಯಾನಿನ ಮೇಲೆ ನೀರು ಚಿಮುಕಿಸಿಯೇ ಕೊಡುತ್ತಿದ್ದಳು. ನಾನು ಏನೂ ಅನ್ನದೆ ಹಾಲು ಸಾಗಿಸಿದೆ. ಈಗ ಅದೇ ನಾಗಕ್ಕ ನನಗೆಂದು ಟೀ ಕಾಯಿಸಿಟ್ಟು ದಡದಲ್ಲಿ ಕಾಯುತ್ತಾಳೆ, ತಾನು ಕುಡಿಯುವ ಲೋಟದಲ್ಲೇ ಕೊಡುತ್ತಾಳೆ. ಇದನ್ನೆಲ್ಲ ಸಂಪಾದಿಸಿದ್ದು ನಾನು, ಮರುಳಸಿದ್ದಯ್ಯನವರಲ್ಲ, ನೀನೂ ಅಲ್ಲ.

ನಿನಗೆ ಅವರು ಮುಟ್ಟಿಸಿರುವ ಕತೆ ಏನೆಂದು ಅಕ್ಕನಿಂದ ಗೊತ್ತಾಗಿದೆ. ವೇದ ಮೋಟಾರು ಬಿಗಿಯದೆ ಕೊಟ್ಟಳು, ದೊಡ್ಡವರ ಪ್ರಾಣಕ್ಕೆ ಸಂಚಕಾರ ತಂದಳು, ಮೋಟಾರು ಗುಜರಿಗೆ ಹೋಯಿತು, ಇನ್ನು ಆ ಹೆಣ್ಣುಮಗಳ ಕೈಗೆ ದೋಣಿ ಕೊಡುವುದು ಅಪಾಯ. ಇದಲ್ಲವೇ? ಈಗ ನಡೆದದ್ದನ್ನು ನನ್ನಿಂದ ತಿಳಿದುಕೊ.

ಕೋಡಿ ಬಿದ್ದ ಮೇಲೆ ಗಂಗಮ್ಮನಿಗೆ ಬಾಗಿನ ಬಿಡುವುದೆಂದು ಸಂಘದವರು ಹೋದ ಶನಿವಾರ ಗೊತ್ತುಮಾಡಿದ್ದರು. ಪ್ರತಿ ಸಲ ಏರಿಯ ಮೆಟ್ಟಿಲ ಮೇಲೆ ನಿಂತು ಬಿಡುತ್ತಿದ್ದರು. ಈ ಸಲ ಸಿರಾದಿಂದ ಯಾರೋ ಮುಖಂಡರು ಬರುತ್ತಾರೆ, ಅವರನ್ನು ಕೆರೆಯ ನಡುವಿಗೆ ಕರೆದುಕೊಂಡು ಹೋಗಿ ಬಾಗಿನ ಬಿಡಿಸಿ ವಿಡಿಯೋ ಮಾಡಬೇಕು ಎಂದು ಮರುಳಸಿದ್ದಯ್ಯನವರಿಗೆ ಹೊಳೆಯಿತು. ದೋಣಿ ಬೇಕೆಂದರು. ನಾನು ಸಂತೋಷದಿಂದಲೇ ಒಪ್ಪಿದೆ ಅಪ್ಪಾ. ದೋಣಿ ತೊಳೆದೆ, ಅಂಚಿಗೆ ಚೆಂಡುಹೂ ಕಟ್ಟಿದೆ, ಹೊಸ ಸೀರೆ ಉಟ್ಟುಕೊಂಡು ಹೋಗಿ ಮೋಟಾರಿನ ಪಕ್ಕ ನಿಂತೆ. ಆಗ ಅವರು ನನ್ನ ಹತ್ತಿರ ಬಂದು, ಬಹಳ ಮೆತ್ತಗೆ, "ಇದು ಪೂಜೆ ಕೆಲ್ಸ ಕಣಮ್ಮ. ಇವತ್ತೊಂದಿನ ನೀನು ಏರಿ ಮೇಲಿರು. ನಮ್ ಮೋಹನ ಓಡುಸ್ತಾನೆ" ಎಂದರು. ಮೋಹನ್ ಕುಮಾರ್ ಅವರ ಮಗ. ಎಲ್ಲೋ ರೆಸಾರ್ಟಿಗೆ ಹೋದಾಗ ಅಂಥ ಬೋಟು ಓಡಿಸಿದ್ದಾನಂತೆ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಬಿಸಿಯಾಯಿತು. "ಊರಿನ ಹಾಲೆಲ್ಲ ಈ ದೋಣೀಲಿ ನನ್ ಕಾಲ ಹತ್ರನೇ ಬರುತ್ತೆ. ಆ ಹಾಲು ಆಗುತ್ತೆ, ಮೊರ ಇಟ್ರೆ ಮಾತ್ರ ನಾನು ಇಳೀಬೇಕಾ?" ಎಂದು ಕೇಳಿದೆ. ಅವರು ನನ್ನ ಗಂಡನ ಕಡೆ ನೋಡಿದರು. ನಿನ್ನ ಅಳಿಯ ನರಸಿಂಹರಾಜು ಪಂಚಾಯಿತಿಯ ಅಟೆಂಡರ್ ಅಲ್ಲವೇ, ನೋಟಕ್ಕೇ ಬಗ್ಗಿಬಿಟ್ಟ. "ಬುಡು ವೇದ, ಒಂದಿನದ ಮಾತು" ಎಂದ. ನಾನು ಇಳಿದೆ. ಆ ಹೊತ್ತಿಗೆ ಅವನನ್ನು ಕೆರೆಗೆ ತಳ್ಳಬೇಕೆನ್ನಿಸಿತ್ತು.

ಈಗ ಬಿಗಿತದ ವಿಷಯ. ನಾನು ಮೋಟಾರನ್ನು ದೋಣಿಯ ಹಿಂಬದಿ ಹಲಗೆಗೆ ಎರಡು ತಿರುಪೂ ಬಿಗಿದು, ನೀನು ಕಲಿಸಿದ ಹಾಗೆ, ಅದು ಕಳಚಿದರೂ ಮುಳುಗದಿರಲೆಂದು ಕಾವಲು ಹಗ್ಗವನ್ನು ಹಲಗೆಯ ಬಳೆಗೆ ಕಟ್ಟಿಯೇ ಇಟ್ಟಿದ್ದೆ. ಆದರೆ ಮುಖಂಡರ ಜೊತೆ ನಾಲ್ಕಾರು ಜನ ಹತ್ತಿದ್ದರಿಂದ ಹಿಂದೆ ಕೂರಲು ಜಾಗ ಸಾಲಲಿಲ್ಲ. ಮೋಹನ್ ಕುಮಾರ್ ಮೋಟಾರನ್ನು ಸಡಿಲಿಸಿ ಹಲಗೆಯ ನಡುವಿನಿಂದ ಪಕ್ಕಕ್ಕೆ ಸರಿಸಿದ, ಮತ್ತೆ ಗಟ್ಟಿಯಾಗಿ ಬಿಗಿಯಲಿಲ್ಲ. ವಿಡಿಯೋದಲ್ಲಿ ಕೊಳಕಾಗಿ ಕಾಣುತ್ತದೆಂದು ಹಗ್ಗ ಬಿಚ್ಚಿದ. ನಾನು ಏರಿಯ ಮೇಲಿಂದ ಕೂಗಿದೆ, ಓಲಗದ ಸದ್ದಿನಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು. ಹೋಗುವಾಗ ಸರಿಯಾಗಿಯೇ ಹೋದರು, ಬಾಗಿನ ಬಿಟ್ಟರು, ಮೊರ ತೇಲಿತು. ತಿರುಗುವಾಗ ವಿಡಿಯೋದವನು ಇನ್ನೊಂದು ಸುತ್ತು ಹಾಕಿ ಎಂದನಂತೆ. ಮೋಹನ್ ಕುಮಾರ್ ಪೂರ್ತಿ ವೇಗ ಕೊಟ್ಟು ಒಂದೇ ಸಲಕ್ಕೆ ತಿರುಗಿಸಿದ. ಮೋಟಾರು ಹಲಗೆಯಿಂದ ಕಿತ್ತು, ಓಡುತ್ತಿದ್ದ ಹಾಗೆಯೇ, ನೀರಿಗೆ ಹೋಯಿತು. ಸದ್ದು ನಿಂತದ್ದು ನನಗೆ ಏರಿಯ ಮೇಲೆ ತಿಳಿಯಿತು. ಮುಖಂಡರು, ಅಧ್ಯಕ್ಷರು, ಪುರೋಹಿತರು ಎಲ್ಲರೂ ಪೂಜೆಯ ತಟ್ಟೆಗಳಲ್ಲಿ ನೀರು ಹಿಂದಕ್ಕೆ ತಳ್ಳುತ್ತಾ ದಡ ಸೇರಿದರು. ಆ ಭಾಗ ವಿಡಿಯೋದಲ್ಲಿಲ್ಲ, ಕತ್ತರಿಸಿದ್ದಾರೆ. ದಡಕ್ಕೆ ಬಂದ ಮೇಲೆ ಮರುಳಸಿದ್ದಯ್ಯನವರು ಹೇಳಿದ ಮೊದಲ ಮಾತು, ಎಂಥಾ ಗುಜರಿ ಇಟ್ಕೊಂಡಿದೀಯಮ್ಮ ಎಂದು. ನಾನು ಅತ್ತೆ, ಅವಮಾನಕ್ಕಲ್ಲ, ಸಿಟ್ಟಿಗೆ. ನನಗೆ ಸಿಟ್ಟು ಬಂದರೆ ಕಣ್ಣೀರು ಬರುತ್ತದೆ, ಅದೊಂದು ದರಿದ್ರ ಗುಣ, ಎದುರಿಗಿದ್ದವರು ಸೋತಳೆಂದುಕೊಳ್ಳುತ್ತಾರೆ.

ಮಾರನೆಯ ಬೆಳಿಗ್ಗೆ ಓಬಳಪ್ಪ ಹಟ್ಟಿಯ ಹುಡುಗರನ್ನು ಕರೆದುಕೊಂಡು ತೆಪ್ಪದಲ್ಲಿ ಬಂದ. ಕುರಿ ತೊಳೆಯುವ ಜನ, ಕೆರೆಯ ತಳ ಅವರಿಗೆ ಅಂಗಳದ ಹಾಗೆ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಕಟ್ಟಿ ಕೆರೆಯ ನಡುವೆ ಎಳೆದಾಡಿದರು. ಬಿಸಿಲು ಏರುವ ಹೊತ್ತಿಗೆ ಮೋಟಾರು ಮೇಲೆ ಬಂತು, ಪಂಖಕ್ಕೆ ಜೊಂಡು ಸುತ್ತಿಕೊಂಡು, ಒಳ್ಳೆ ಹೆಣದ ಹಾಗೆ. ಏರಿಯ ಮೇಲೆ ಜನ ಸೇರಿದರು. ಮೋಹನ್ ಕುಮಾರ್ ಬಂದು, ಒಂದು ವಾರ ಚೆನ್ನಾಗಿ ಬಿಸಿಲಿಗೆ ಒಣಗಲಿ, ಆಮೇಲೆ ನೋಡೋಣ ಎಂದು ಅಪ್ಪಣೆ ಕೊಟ್ಟ. ನೀನು ಮಾರಿಕಣಿವೆಯ ಕತೆ ಹೇಳುವಾಗೆಲ್ಲ, ಮುಳುಗಿದ ಮೋಟಾರು ನೀರೊಳಗಿರುವಷ್ಟು ಹೊತ್ತು ಕೆಡುವುದಿಲ್ಲ, ಗಾಳಿ ಸೋಕಿದ ಮೇಲೆಯೇ ತುಕ್ಕು ಶುರು ಎನ್ನುತ್ತಿದ್ದೆಯಲ್ಲ, ಅದು ನನಗೆ ನೆನಪಿತ್ತು. ಸಾಮಾನು ಹೊಂದಿಸಿಕೊಳ್ಳುವವರೆಗೆ ಅದು ನೀರಿನಲ್ಲೇ ಇರಬೇಕು. ನಾನು ಮೋಟಾರನ್ನು ಅಲ್ಲಿಂದ ಎತ್ತಿಸಿ ಮನೆಗೆ ತಂದು ನಲ್ಲಿ ನೀರು ತುಂಬಿದ ಡ್ರಮ್ಮಿನೊಳಗೆ ಇಳಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಮುಳುಗಿದ್ದನ್ನು ಎತ್ತಿ ಮತ್ತೆ ಮುಳುಗಿಸುತ್ತಾಳೆ, ತಲೆ ಕೆಟ್ಟಿದೆ ಎಂದರು. ಹಿಂದಿನ ಮನೆಯ ದಾಸಮ್ಮ ನನಗೆ ದೃಷ್ಟಿ ತೆಗೆಯಬೇಕೆಂದು ಮೆಣಸಿನಕಾಯಿ ಹಿಡಿದುಕೊಂಡು ಬಂದಳು. ತೆಗೆಯಲಿ ಎಂದು ಸುಮ್ಮನೆ ನಿಂತೆ. ಕೆಲಸಕ್ಕೆ ಕೈ ಹಾಕುವ ಮುಂಚೆ ಯಾರಾದರೂ ನನ್ನ ಪರವಾಗಿ ಏನಾದರೂ ಮಾಡಲಿ ಅನ್ನಿಸಿತ್ತು.

ಓಡುತ್ತಿದ್ದಾಗಲೇ ಮುಳುಗಿದ ಮೋಟಾರು ಒಳಗೆ ನೀರು ಎಳೆದುಕೊಂಡಿರುತ್ತದೆ, ರಾಡು ಬಾಗಿರಬಹುದು. ಹಾಗಾಗಿದ್ದರೆ ಮುಂದಿನದೆಲ್ಲ ವ್ಯರ್ಥ ಎಂದು ನೀನೇ ಹೇಳಿದ್ದೆ. ಮೇಲಿನ ಮುಚ್ಚಳ ತೆಗೆದು, ಪ್ಲಗ್ ಬಿಚ್ಚಿ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಎಲ್ಲಾದರೂ ಹಿಡಿದರೆ ಅಲ್ಲಿಗೇ ಬಿಟ್ಟುಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಹಿಡಿಯಲಿಲ್ಲ ಅಪ್ಪಾ. ಕರಕರ ಮರಳಿನ ಸದ್ದು ಬಂತು, ಆದರೆ ಪೂರ್ತಿ ಸುತ್ತು ತಿರುಗಿತು. ಇನ್ನೊಂದು ಸಲ ತಿರುಗಿಸಿ ಖಾತ್ರಿ ಮಾಡಿಕೊಂಡೆ. ಆಮೇಲೆ ನಿನ್ನ ಅಳಿಯನನ್ನು ಕರೆದೆ. ಶನಿವಾರದಿಂದ ನಾನು ಅವನೊಡನೆ ಮಾತಾಡಿರಲಿಲ್ಲ. ಅವನು ಮೋಟಾರನ್ನು ತಲೆಕೆಳಗಾಗಿ ಎತ್ತಿ ಹಿಡಿದ, ಪ್ಲಗ್ಗಿನ ತೂತು ನೆಲಕ್ಕೆ ಮುಖ ಮಾಡಿತು, ನಾನು ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಹೋದೆ. ಕೆಂಪು ನೀರು ಬಂತು, ಆಮೇಲೆ ತಿಳಿ ನೀರು, ಆಮೇಲೆ ಬರೀ ಗಾಳಿ. ಅಷ್ಟು ಭಾರವಿದ್ದರೂ ಇಳಿಸಲೇ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ಕೆಸರು ತೆಗೆದೆ. ಟ್ಯಾಂಕಿನ ಪೆಟ್ರೋಲ್ ಚೆಲ್ಲಿಸಿದೆ. ಕಿಡಿ ಕೊಡುವ ವೈರುಗಳನ್ನು ಬಟ್ಟೆಯಲ್ಲಿ ಒರೆಸಿದರೆ ಸಾಲದು, ತೇವ ಒಳಗೇ ಇರುತ್ತದೆ. ಬರಗೂರಿನಲ್ಲಿ ಪಾರ್ಲರ್ ಇಟ್ಟಿರುವ ಅಶ್ವಿನಿಯನ್ನು ಕೂದಲು ಒಣಗಿಸುವ ಮಿಷನ್ ಸಮೇತ ಕರೆಸಿ ಒಂದೊಂದು ಸಂದಿಗೂ ಹಿಡಿದೆ. ಮದುವಣಗಿತ್ತಿಗೂ ಇಷ್ಟು ಹೊತ್ತು ಹಿಡಿಯಲ್ಲ ಅಕ್ಕಾ ಎಂದು ಅವಳು ಗೊಣಗಿದಳು. ತೂತಿನೊಳಗೆ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ, ಹೊಸ ಪ್ಲಗ್ ಕೂರಿಸಿ, ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿ, ಡ್ರಮ್ಮಿನ ಅಂಚಿಗೆ ಬಿಗಿದು ಹಗ್ಗ ಎಳೆದೆ.

ಹತ್ತಿಕೊಂಡಿತು. ನಾಲ್ಕು ಸಲ ಕೆಮ್ಮಿ ಆರಿತು. ಮತ್ತೆ ಎಳೆದೆ, ಮತ್ತೆ ಆರಿತು. ಆಮೇಲೆ ಕೆಮ್ಮಲೂ ಇಲ್ಲ. ಎಳೆದೆಳೆದು ಅಂಗೈ ಚರ್ಮ ಸುಲಿಯಿತು. ಎಲ್ಲಿ ತಪ್ಪಿದೆ ಎಂದು ನನಗೆ ಗೊತ್ತಾಗಲಿಲ್ಲ. ನೀನಿದ್ದರೆ ಕೇಳಬಹುದಿತ್ತು, ನಿನ್ನ ಮೇಲಿನ ಸಿಟ್ಟು ಆಗಲೇ ಶುರುವಾದದ್ದು, ಅನ್ಯಾಯವೆಂದು ಗೊತ್ತಿದ್ದೂ. ನಿನ್ನ ಅಳಿಯ ಬೈಕಿನಲ್ಲಿ ಹೋಗಿ ಸಿರಾದಿಂದ ಮೆಕ್ಯಾನಿಕ್ ಇನಾಯತನನ್ನು ಕರೆತಂದ. ಅವನು ಮೊಪೆಡ್ಡು, ಸ್ಪ್ರೇ ಪಂಪು ಬಿಟ್ಟರೆ ದೋಣಿಯ ಮೋಟಾರನ್ನು ಹುಟ್ಟಿದಾಗಿನಿಂದ ಕಂಡವನಲ್ಲ. ಸುತ್ತ ತಿರುಗಿ ನೋಡಿ, "ಅಕ್ಕಾ, ಇದರ ಅಡ್ರೆಸ್ಸೇ ಗೊತ್ತಿಲ್ಲ ನಂಗೆ. ಆದ್ರೆ ಪೆಟ್ರೋಲ್ ಕುಡಿಯೋದು ತಾನೇ, ಅಲ್ಲಿಂದ ಹಿಡಿಯೋಣ. ಫಿಕರ್ ಬೇಡ" ಎಂದ. ಪೈಪು ಕಿತ್ತು ಒಂದು ಗಾಜಿನ ಲೋಟಕ್ಕೆ ಪೆಟ್ರೋಲ್ ಬಿಟ್ಟು ಬೆಳಕಿಗೆ ಹಿಡಿದ. ತಳದಲ್ಲಿ ನೀರಿನ ಗುಂಡು ಬೇರೆಯಾಗಿ ಕೂತಿತ್ತು. ಟ್ಯಾಂಕು ಬಗ್ಗಿಸಿ ಚೆಲ್ಲಿದ್ದೆನೇ ಹೊರತು ಅದರ ನಲ್ಲಿಯ ಜಾಲರಿ ಬಿಚ್ಚಿರಲಿಲ್ಲ ನಾನು, ಕೆರೆಯ ನೀರು ಅಲ್ಲಿ ಅಡಗಿ ಕೂತು ಹೊಸ ಪೆಟ್ರೋಲಿನ ಜೊತೆ ಇಳಿಯುತ್ತಿತ್ತು. ಇಬ್ಬರೂ ಕೂತು ಅದನ್ನೂ ಬಟ್ಟಲನ್ನೂ ಇನ್ನೊಮ್ಮೆ ತೊಳೆದೆವು. ನನ್ನ ಅಂಗೈಗೆ ಬಟ್ಟೆ ಸುತ್ತಿತ್ತು, ಅವನು ಎಳೆಯುತ್ತೇನೆಂದ, ನಾನು ಬೇಡವೆಂದು ನಾನೇ ಎಳೆದೆ.

ಈ ಸಲ ಹತ್ತಿಕೊಂಡದ್ದು ಆರಲಿಲ್ಲ. ಬಿಳಿ ಹೊಗೆ ಮನೆ ತುಂಬಿತು, ದಾಸಮ್ಮ ಕೆಮ್ಮುತ್ತಾ ಹೊರಗೆ ಓಡಿದಳು. ಪಕ್ಕದ ತೂತಿನಿಂದ ತಂಪಿನ ನೀರು ಮೊದಲು ಕೆಸರಾಗಿ, ಆಮೇಲೆ ತೆಳ್ಳಗೆ ನೆಟ್ಟಗೆ ಚಿಮ್ಮಿತು. ಒಳಗಿನ ತೇವ ಪೂರ್ತಿ ಸುಟ್ಟುಹೋಗಲಿ ಎಂದು ಸಂಜೆಯವರೆಗೆ ಆರಿಸಲಿಲ್ಲ. ಆ ಸದ್ದಿಗೆ ಕೇರಿಯ ಜನವೆಲ್ಲ ಬಂದು ನಿಂತರು. ಮರುಳಸಿದ್ದಯ್ಯನವರೂ ಬೀದಿಯಲ್ಲಿ ಹೋಗುತ್ತಾ ನಿಂತು, ಗುಜರಿ ಇನ್ನೆಷ್ಟು ದಿನ ಓಡುತ್ತೋ ಎಂದರು. ಆಗ ನಿನ್ನ ಅಳಿಯ ಎಣ್ಣೆ ಕೈಯಲ್ಲೇ ಹೊರಗೆ ಹೋಗಿ, "ಇನ್ನೊಂದ್ಸಲ ಗುಜರಿ ಅನ್ಬೇಡಿ ಸಾರ್. ಮುಳುಗ್ಸಿದ್ದು ನೀವು" ಎಂದ. ದನಿ ಎತ್ತಲಿಲ್ಲ. ಅಷ್ಟು ಹೇಳಿ ಒಳಗೆ ಬಂದು ಎರಡು ಲೋಟ ನೀರು ಕುಡಿದ. ಇನ್ನು ಮುಂದೆ ಪಂಚಾಯಿತಿಯಲ್ಲಿ ಅವನಿಗೆ ಏನು ಕಾದಿದೆಯೋ ಗೊತ್ತಿಲ್ಲ. ಅವನೊಡನೆ ಮಾತು ಶುರುಮಾಡಿದ್ದೇನೆ.

ಮೋಟಾರು ಕೆಟ್ಟು ಬಿದ್ದಿದ್ದ ದಿನಗಳಲ್ಲಿ ಹಟ್ಟಿಯ ಹಾಲು ಏರಿ ಸುತ್ತಿ ಬರುವಷ್ಟರಲ್ಲಿ ಒಡೆದುಹೋಯಿತು, ಹಂದಿಗೆ ಸುರಿದರು. ಮಂಗಳವಾರದಿಂದ ಮತ್ತೆ ದೋಣಿ ಹೋಗುತ್ತಿದೆ. ನಾನು ಆಚೆ ದಡ ಮುಟ್ಟಿದಾಗ ನಾಗಕ್ಕ ನೀರಿಗೇ ಇಳಿದು ಬಂದು ಹಗ್ಗ ಹಿಡಿದಳು. ಇಷ್ಟಾದ ಮೇಲೆ ನಿನ್ನೆ ಅವರು ಡೈರಿಯ ಮುಂದೆ ನಿನ್ನ ಒಪ್ಪಿಗೆಯನ್ನು ನನ್ನ ಮುಖಕ್ಕೆ ಹಿಡಿದರು. ಸಂಘಕ್ಕೆ ಹೊಸ ಮೋಟಾರು ಬರುತ್ತದಂತೆ, ಮೋಹನ್ ಕುಮಾರ್ ಓಡಿಸುತ್ತಾನಂತೆ, ನಾನು ಬೇಕಾದರೆ ದಡದಲ್ಲಿ ಕ್ಯಾನು ತೊಳೆಯಬಹುದಂತೆ. "ಅಪ್ಪ ಒಪ್ಪಿರಬಹುದು, ನಾನು ಒಪ್ಪಿಲ್ಲ" ಎಂದು ಹೇಳಿ ಬಂದೆ. ಓಬಳಪ್ಪ ಮಾತ್ರ ಅಲ್ಲೇ, ವೇದಮ್ಮನ ದೋಣಿ ಇಲ್ಲದಿದ್ದರೆ ಹಟ್ಟಿಯ ಹಾಲು ಈ ಡೈರಿಗೆ ಬರುವುದಿಲ್ಲ ಎಂದ. ಪರರು ಹಾಗೆ ನಿಂತರು. ನನ್ನ ಸ್ವಂತ ಅಪ್ಪ? ನನಗೆ ಹಗ್ಗ ಎಳೆಯಲು ಕಲಿಸಿದವನು ನೀನು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದವರಿಗೆ ಕಿವಿ ಕೇಳಿಸದವನ ಹಾಗೆ ಸುಮ್ಮನಿದ್ದು ನನ್ನ ಕೈಗೇ ಸ್ಪ್ಯಾನರ್ ಕೊಟ್ಟವನು ನೀನು. ಅದೇ ನೀನು, ನನ್ನನ್ನು ದೋಣಿಯಿಂದ ಇಳಿಸಿದವರ ಮಾತಿಗೆ ಹೂಂ ಅಂದೆ. ಮರುಳಸಿದ್ದಯ್ಯನವರು ಏರಿಯ ಮೇಲೆ ಮಾಡಿದ್ದನ್ನು ನಾನು ಸಹಿಸಿಕೊಂಡೇನು, ಅದಕ್ಕೊಂದು ಅಭ್ಯಾಸವಾಗಿದೆ. ನೀನು ಮಾಡಿದ್ದು ಎದೆಗೆ ಹೋಗಿದೆ. ಯಾಕೆ ಒಪ್ಪಿದೆ ಎಂದು ಎರಡು ಸಾಲು ಬರೆದು ಕಳಿಸು.

ಅಕ್ಕನಿಗೂ ಭಾವನಿಗೂ ಕೇಳಿದೆನೆಂದು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ಮುತ್ತು ಕೊಡು, ಮೀಸೆ ಚುಚ್ಚದ ಹಾಗೆ. ನಿನ್ನ ಅಳಿಯ ನಮಸ್ಕಾರ ತಿಳಿಸಿದ್ದಾನೆ. ಸಿಟ್ಟಿದ್ದರೂ ನಿನ್ನ ಕಾಲಿನ ಬಾವಿನದೇ ಯೋಚನೆ. ಮಾತ್ರೆ ತಪ್ಪಿಸಬೇಡ.

ನಿನ್ನ ಹಟಮಾರಿ ಮಗಳು,
ವೇದಾವತಿ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಕ್ಕನ ಫೋನ್ ಬಂತು. ನೀನು ಒಪ್ಪಿದ್ದು ಹೇಗೆಂದು ಈಗ ತಿಳಿಯಿತು. ಮರುಳಸಿದ್ದಯ್ಯನವರು ಭಾವನ ಫೋನಿಗೆ ವಿಡಿಯೋ ಕಾಲ್ ಮಾಡಿ ಏನೇನೋ ಹೇಳಿದರಂತೆ, ನೀನು ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ನಗುನಗುತ್ತಾ ತಲೆಯಾಡಿಸಿದೆಯಂತೆ. ಅಯ್ಯೋ ಅಪ್ಪಾ. ನಿನ್ನನ್ನು ಬೈದದ್ದನ್ನೆಲ್ಲ ಹೊಡೆದುಹಾಕಲು ಹೊತ್ತಿಲ್ಲ, ಓದಿಯಾಗಿದ್ದರೆ ಮರೆತುಬಿಡು. ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚವಾಗಿ ಮದುವೆಮನೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಯಾರು ಏನಂದರೂ ನೀನು ಹಾಗೆ ತಲೆಯಾಡಿಸುವುದನ್ನು ನಾನು ಕಂಡಿಲ್ಲವೇ. ನಾಳೆ ಬೆಳಿಗ್ಗೆ ಅವರು ಕಾರಿನಲ್ಲಿ ರಾಯಚರ್ಲುವಿಗೆ ಬರುತ್ತಿದ್ದಾರೆ, ನಿನ್ನ ಸಹಿ ತೆಗೆದುಕೊಳ್ಳಲು. ಅಕ್ಕ, ಭಾವ ಇಬ್ಬರೂ ಪುಟ್ಟಿಯ ಚುಚ್ಚುಮದ್ದಿಗೆ ಪಾವಗಡಕ್ಕೆ ಹೋಗಿರುತ್ತಾರೆ, ನೀನು ಒಬ್ಬನೇ ಇರುತ್ತೀಯ. ಅದಕ್ಕೇ ಇದನ್ನು ಅಂಚೆಗೆ ಹಾಕದೆ ಸಂಜೆಯ ಪಾವಗಡ ಬಸ್ಸಿನ ಕಂಡಕ್ಟರ್ ಬಸವೇಶನ ಕೈಗೆ ಕೊಡುತ್ತಿದ್ದೇನೆ, ಭಾವ ನಿಲ್ದಾಣಕ್ಕೆ ಬಂದು ಇಸಿದುಕೊಳ್ಳುತ್ತಾನೆ. ಅವರು ಜೋರಾಗಿ ಮಾತಾಡುತ್ತಾರೆ, ನಗುತ್ತಾರೆ, ನಿನ್ನ ಭುಜ ತಟ್ಟುತ್ತಾರೆ, ಪೆನ್ನು ಕೊಡುತ್ತಾರೆ. ತಲೆಯಾಡಿಸಬೇಡ ಅಪ್ಪಾ. ನಂಗೆ ಕೇಳ್ಸಲ್ಲ, ಬರ್ದು ಕೊಡಿ ಅನ್ನು. ಅದರಲ್ಲಿ ನಾಚಿಕೆ ಏನೂ ಇಲ್ಲ. ನನ್ನನ್ನು ಯಾಕೆ ಇಳಿಸಿದರು ಎನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಲು ಹೇಳು, ಓದಿ ನೋಡಿ ಆಮೇಲೆ ನಿನಗೆ ತೋಚಿದ ಹಾಗೆ ಮಾಡು. ಬಸ್ಸು ಹೊರಡುವ ಹೊತ್ತಾಯಿತು.